ತಿರುಗಿ ಸಡಿಲವಾಯಿತೋ, ತಿರುಗದೆಯೇ ಸಡಿಲವಾಯಿತೋ?

ಮಳೆಗಾಲ ಮುಗಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಳೆಯ ಕಾರುಗಳ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನ ಕಡೆಗೆ ಒಯ್ಯುವ ಕೊಳವೆಯ) ನಟ್ಟು-ಬೋಲ್ಟುಗಳ ದೂರೇ ಹೆಚ್ಚಾಗಿದ್ದುದರಿಂದ ಈ ಬಾರಿ ಅವುಗಳನ್ನು ಮಾತ್ರ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಕೊಂಚ ಮೊಟಕುಗೊಳಿಸಲಾಗಿದೆ. ಕೇಳಿದವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನನ್ನಲ್ಲಿ 1997ರ ಮಾರುತಿ 800 ಇದೆ. ಮಗಳ ಮನೆ ತೀರ್ಥಹಳ್ಳಿಯಲ್ಲಿರುವುದರಿಂದ ತಿಂಗಳಿಗೆ ಎರಡು ಸಲವಾದರೂ ಹೆಬ್ರಿ, ಸೋಮೇಶ್ವರದ ದಾರಿಯಾಗಿ ಆಗುಂಬೆ ಘಾಟಿ ಹತ್ತಿ ಇಳಿಯುತ್ತೇನೆ. ಒಂದು ವರ್ಷದಲ್ಲಿ ಮೂರು ಬಾರಿ ಮ್ಯಾನಿಫೋಲ್ಡಿನ ನಟ್ಟುಗಳು ಸಡಿಲವಾಗಿವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ‘ಟಿಕ್ ಟಿಕ್’ ಎಂಬ ಶಬ್ದ ಬರುತ್ತದೆ, ಐದಾರು ನಿಮಿಷ ಓಡಿದ ಮೇಲೆ ನಿಂತುಹೋಗುತ್ತದೆ. ಮೊದಲ ಸಲ ಟ್ಯಾಪೆಟ್ (ವಾಲ್ವುಗಳನ್ನು ತೆರೆಯುವ ಭಾಗ) ಶಬ್ದವೆಂದು ತಿಳಿದು ಟ್ಯಾಪೆಟ್ ಸರಿಮಾಡಿಸಿದ್ದೂ ಆಯಿತು. ಮೆಕ್ಯಾನಿಕ್ ಪ್ರತಿ ಸಲವೂ ಹೊಸ ಸ್ಪ್ರಿಂಗ್ ವಾಷರ್ ಹಾಕಿ ಹಿಂದಿನದಕ್ಕಿಂತ ಜೋರಾಗಿ ಬಿಗಿದುಕೊಡುತ್ತಾರೆ. ಥ್ರೆಡ್ಡಿಗೆ ಹಚ್ಚುವ ಅಂಟು ಹಾಕಿದರೆ ಶಾಶ್ವತವಾಗಿ ನಿಲ್ಲಬಹುದೇ? — ಓದುಗರು, ಕಟಪಾಡಿ

ಉತ್ತರ: ಅಂಟು ನಿಲ್ಲುವುದಿಲ್ಲ. ಅಂಗಡಿಯಲ್ಲಿ ಸಿಗುವ ನೀಲಿ ಬಣ್ಣದ ಸಾಮಾನ್ಯ ಅಂಟು ಹೆಚ್ಚೆಂದರೆ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಹಿಡಿದುಕೊಳ್ಳುತ್ತದೆ. ಹೆಚ್ಚು ಶಾಖ ತಾಳುವುದೆಂದು ಮಾರುವ ಕೆಂಪು ಬಣ್ಣದ್ದು 230 ಡಿಗ್ರಿಯ ಸುತ್ತಮುತ್ತ ಕೈಬಿಡುತ್ತದೆ. ನೀವು ಎರಡನೇ ಗೇರಿನಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಮ್ಯಾನಿಫೋಲ್ಡಿನ ಮೈ 500 ಡಿಗ್ರಿಯನ್ನು ದಾಟುವುದುಂಟು. ನಟ್ಟು ಕೂರುವ ಫ್ಲ್ಯಾಂಜಿನ ಭಾಗ (ಎಂಜಿನ್ನಿಗೆ ಒತ್ತಿ ಕೂರುವ ಚಪ್ಪಟೆ ಅಂಚು) ಅದಕ್ಕಿಂತ ತಣ್ಣಗಿರುತ್ತದೆಯಾದರೂ ಅಂಟಿನ ಪಾಲಿಗೆ ಅದೂ ಹೆಚ್ಚೇ. ಒಳಗೆ ನೈಲಾನ್ ಬಳೆ ಇರುವ ಲಾಕ್ ನಟ್ಟಂತೂ 120 ಡಿಗ್ರಿಗೇ ಮೆತ್ತಗಾಗುವ ವಸ್ತು, ಆದ್ದರಿಂದ ಅದನ್ನು ಈ ಜಾಗಕ್ಕೆ ಯಾರಾದರೂ ಸೂಚಿಸಿದರೆ ಒಪ್ಪಬೇಡಿ.

ಆದರೆ ಅಂಟು ತಾಳುತ್ತದೆಯೇ ಎಂಬುದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ. ನಿಮ್ಮ ನಟ್ಟುಗಳು ತಿರುಗಿ ಸಡಿಲವಾಗುತ್ತಿವೆಯೋ, ಅಥವಾ ಇದ್ದಲ್ಲೇ ಇದ್ದು ಬಿಗಿ ಕಳೆದುಕೊಳ್ಳುತ್ತಿವೆಯೋ? ಇವು ಎರಡು ಬೇರೆ ಬೇರೆ ರೋಗಗಳು. ನಮ್ಮ ಹೆಚ್ಚಿನ ಗ್ಯಾರೇಜುಗಳಲ್ಲಿ ಎರಡಕ್ಕೂ ಒಂದೇ ಮದ್ದು ಕೊಡುವುದರಿಂದಲೇ ಒಂದೇ ಕಾರು ವರ್ಷಕ್ಕೆ ಮೂರು ಸಲ ಅದೇ ಬಾಗಿಲಿಗೆ ಬರುತ್ತದೆ.

ಬೈಹುಲ್ಲಿನ ಹೊರೆಗೆ ಹಗ್ಗ ಬಿಗಿದದ್ದನ್ನು ನೆನೆಸಿಕೊಳ್ಳಿ. ಗಂಟು ಬಿಚ್ಚಿದರೂ ಹಗ್ಗ ಸಡಿಲವಾಗುತ್ತದೆ, ಗಂಟು ಗಟ್ಟಿಯಾಗಿಯೇ ಇದ್ದು ಒಳಗಿನ ಹುಲ್ಲು ಕುಸಿದರೂ ಸಡಿಲವಾಗುತ್ತದೆ. ಹುಲ್ಲು ಕುಸಿಯುವ ಹೊರೆಗೆ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಪ್ರಯೋಜನವಿಲ್ಲ. ಬೋಲ್ಟು ಕೂಡ ಒಂದು ಬಗೆಯ ಹಗ್ಗವೇ. ಬಿಗಿದಾಗ ಅದು ಎಳೆದ ಸ್ಪ್ರಿಂಗಿನಂತೆ ತುಸು ಹಿಗ್ಗುತ್ತದೆ, ಆ ಹಿಗ್ಗಿನ ಎಳೆತವೇ ಫ್ಲ್ಯಾಂಜನ್ನು ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳದಂಥ ಭಾಗಕ್ಕೆ) ಒತ್ತಿ ಹಿಡಿಯುತ್ತದೆ. 8 ಮಿ.ಮೀ. ಸ್ಟಡ್ಡಿನ (ಹೆಡ್ಡಿನೊಳಗೆ ತಿರುಗಿಸಿ ಕೂರಿಸಿದ, ತಲೆಯಿಲ್ಲದ ಬೋಲ್ಟು) ಮೇಲಿನ ನಟ್ಟನ್ನು 20 ನ್ಯೂಟನ್ ಮೀಟರಿಗೆ (ಇದು ಬಿಗಿಯುವ ತಿರುಚಿನ, ಎಂದರೆ ಟಾರ್ಕಿನ ಅಳತೆ) ಬಿಗಿದರೆ ಸುಮಾರು 1,200 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಇಷ್ಟು ದೊಡ್ಡ ಒತ್ತಡಕ್ಕಾಗಿ ಸ್ಟಡ್ಡು ಹಿಗ್ಗುವುದಾದರೂ ಎಷ್ಟು? ನಟ್ಟಿಗೂ ಹೆಡ್ಡಿಗೂ ನಡುವಿನ ಉದ್ದ 20 ಮಿ.ಮೀ. ಇದ್ದರೆ ಅದು ಬರೀ 0.03 ಮಿ.ಮೀ., ಎಂದರೆ ತಲೆಗೂದಲಿನ ಅರ್ಧ ದಪ್ಪ. ನಡುವಿನ ಗ್ಯಾಸ್ಕೆಟ್ (ಸಂದು ಮುಚ್ಚಲು ಹಾಕುವ ತೆಳು ಹಾಳೆ, ನಮ್ಮಲ್ಲಿ ಹಲವರು ‘ಪ್ಯಾಕಿಂಗ್’ ಎನ್ನುತ್ತಾರೆ) ಬಿಸಿಗೆ ಅಷ್ಟೇ ಕುಸಿದರೆ ಸಾಕು, ನಟ್ಟು ಕೂದಲೆಳೆಯಷ್ಟೂ ತಿರುಗದೆ ಇದ್ದರೂ ಒತ್ತಡವೆಲ್ಲ ಇಲ್ಲವಾಗುತ್ತದೆ.

ಆದ್ದರಿಂದ ಮುಂದಿನ ಸಲ ಬಿಗಿಸುವಾಗ ಒಂದು ಸಣ್ಣ ಕೆಲಸ ಮಾಡಿಸಿ. ಪ್ರತಿ ನಟ್ಟಿನ ಒಂದು ಮೂಲೆ, ಅದರ ಎದುರಿನ ಫ್ಲ್ಯಾಂಜು ಹಾಗೂ ಸ್ಟಡ್ಡಿನ ತುದಿ, ಈ ಮೂರರ ಮೇಲೂ ಒಂದೇ ಗೆರೆಯಲ್ಲಿ ಚೂಪಾದ ಉಳಿಯಿಂದ ಸಣ್ಣ ಗೀರು ಹಾಕಿಸಿ. ಬಣ್ಣದ ಗುರುತು ಇಲ್ಲಿ ಸುಟ್ಟುಹೋಗುತ್ತದೆ. ಒಂದೆರಡು ಸಲ ಘಾಟಿ ಹತ್ತಿ ಬಂದ ಮೇಲೆ, ಎಂಜಿನ್ನು ಪೂರ್ತಿ ತಣ್ಣಗಾದಾಗ ನೋಡಿ. ನಟ್ಟಿನ ಗೀರು ಸರಿದಿದ್ದರೆ ನಟ್ಟು ತಿರುಗಿದೆ. ನಟ್ಟು ಮತ್ತು ಸ್ಟಡ್ಡಿನ ಗೀರುಗಳು ಒಂದಕ್ಕೊಂದು ಹೊಂದಿಕೊಂಡಿದ್ದು ಫ್ಲ್ಯಾಂಜಿನ ಗೀರಿನಿಂದ ಎರಡೂ ಸರಿದಿದ್ದರೆ ಸ್ಟಡ್ಡೇ ಹೆಡ್ಡಿನಿಂದ ಹೊರಕ್ಕೆ ಬರುತ್ತಿದೆ ಎಂದರ್ಥ, ಆಗ ನಟ್ಟನ್ನು ಬದಲಿಸಿ ಫಲವಿಲ್ಲ. ಮೂರೂ ಗೀರುಗಳು ಹಾಗೆಯೇ ಇದ್ದು ಸ್ಪ್ಯಾನರಿಗೆ ನಟ್ಟು ಸಲೀಸಾಗಿ ತಿರುಗಿದರೆ ಹುಲ್ಲು ಕುಸಿದಿದೆ.

ನಿಮ್ಮ ಪತ್ರದ ವಿವರಗಳನ್ನು ನೋಡಿದರೆ ನನ್ನ ಗುಮಾನಿ ಈ ಕೊನೆಯದರ ಮೇಲೆಯೇ. ತಣ್ಣಗಿರುವಾಗ ಬರುವ ಟಿಕ್ ಟಿಕ್ ಬಿಸಿಯಾದಾಗ ನಿಲ್ಲುತ್ತದೆ ಎಂದರೆ, ಲೋಹ ಹಿಗ್ಗಿ ಸಂದು ತಾನಾಗಿ ಮುಚ್ಚಿಕೊಳ್ಳುತ್ತಿದೆ. ಟ್ಯಾಪೆಟ್ ಶಬ್ದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲು ಒಂದೂವರೆ ಮೀಟರ್ ರಬ್ಬರ್ ಪೈಪು ಸಾಕು. ಒಂದು ತುದಿಯನ್ನು ಕಿವಿಯ ಹತ್ತಿರ ಹಿಡಿದು, ಇನ್ನೊಂದು ತುದಿಯನ್ನು ಫ್ಯಾನಿಗೂ ಬೆಲ್ಟಿಗೂ ತಾಗದಂತೆ ಗ್ಯಾಸ್ಕೆಟ್ಟಿನ ಅಂಚಿನುದ್ದಕ್ಕೂ ಸರಿಸುತ್ತಾ ಹೋದರೆ ಸೋರುವ ಜಾಗ ಬಂದಾಗ ಶಬ್ದ ಕಿವಿಗೆ ಬಡಿಯುತ್ತದೆ.

ಹುಲ್ಲು ಯಾಕೆ ಕುಸಿಯುತ್ತದೆ? ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಿಮ್ಮ ಎಂಜಿನ್ನಿನ ಹೆಡ್ಡು ಅಲ್ಯುಮಿನಿಯಂ, ಮ್ಯಾನಿಫೋಲ್ಡು ಎರಕದ ಕಬ್ಬಿಣ. ಒಂದೇ ಪ್ರಮಾಣದ ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. ಆದರೆ ಹೆಡ್ಡಿನೊಳಗೆ ನೀರು ಹರಿಯುವುದರಿಂದ ಅದು 100 ಡಿಗ್ರಿಯ ಆಚೀಚೆ ನಿಂತಿರುತ್ತದೆ, ಫ್ಲ್ಯಾಂಜು ಮಾತ್ರ 350 ಡಿಗ್ರಿಗೂ ಏರಬಹುದು. 30 ಸೆಂ.ಮೀ. ಉದ್ದದ ಫ್ಲ್ಯಾಂಜು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಬಿಸಿಯಲ್ಲಿ ಅದು ತನ್ನ ಕೆಳಗಿನ ಹೆಡ್ಡಿಗಿಂತ ಅರ್ಧ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ತಣ್ಣಗಾದಾಗ ಅಷ್ಟೇ ಹಿಂದಕ್ಕೆ ಬರುತ್ತದೆ. ಹೀಗೆ ಪ್ರತಿ ಪಯಣದಲ್ಲೂ ಅದು ಗ್ಯಾಸ್ಕೆಟ್ಟಿನ ಮೇಲೆ ಒಮ್ಮೆ ಹೋಗಿ ಒಮ್ಮೆ ಬಂದು ಉಜ್ಜುತ್ತದೆ. ನಡುವಿನ ಸ್ಟಡ್ಡಿನ ಬಳಿ ಈ ಚಲನೆ ಅತಿ ಕಡಿಮೆ, ಎರಡು ತುದಿಗಳಲ್ಲಿ ಅತಿ ಹೆಚ್ಚು. ಹಲವು ಮ್ಯಾನಿಫೋಲ್ಡುಗಳಲ್ಲಿ ತುದಿಯ ರಂಧ್ರಗಳನ್ನು ತುಸು ಉದ್ದನೆಯವಾಗಿ ಮಾಡಿರುವುದು ಈ ಸರಿದಾಟಕ್ಕೆ ಎಡೆ ಇರಲೆಂದೇ. ಘಾಟಿಯ ದಾರಿಯಲ್ಲಿ ಇದು ಇನ್ನೂ ಕಠಿಣ: ಹತ್ತುವಾಗ ಪೂರ್ತಿ ಬಿಸಿ, ಇಳಿಯುವಾಗ ಎಂಜಿನ್ನಿಗೆ ಕೆಲಸವೇ ಇಲ್ಲದೆ ತಂಪು, ಇದರ ಜೊತೆಗೆ ಆಗುಂಬೆಯ ಮಳೆನೀರು ಅಡಿಯಿಂದ ಚಿಮ್ಮುವುದು ಬೇರೆ. ಎಂಜಿನ್ನಿನ ಅಡಿಯ ತಗಡು ಅಥವಾ ಪ್ಲಾಸ್ಟಿಕ್ ತಟ್ಟೆ ಕಳಚಿಹೋಗಿದ್ದರೆ ಹಾಕಿಸಿ. ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬೀಳುವುದು ಒಳ್ಳೆಯದಲ್ಲ.

ಮ್ಯಾನಿಫೋಲ್ಡನ್ನು ಬಿಚ್ಚಿದಾಗ ಹಳೆಯ ವಾಷರುಗಳನ್ನು ಎಸೆಯುವ ಮುನ್ನ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯಿರಿ. ಒಂದು ಬದಿಯಲ್ಲಿ ಬಿದಿಗೆಯ ಚಂದ್ರನಂತೆ ಹೊಳೆಯುವ ಉಜ್ಜಿದ ಗುರುತು ಇದ್ದರೆ ಫ್ಲ್ಯಾಂಜು ಅದರಡಿಯಲ್ಲಿ ಸರಿದಾಡಿದೆ. ಗ್ಯಾಸ್ಕೆಟ್ಟಿನ ಮೇಲಿನ ಮಸಿಯನ್ನೂ ನೋಡಿ. ಸೋರಿದಲ್ಲಿ ಅದು ರಂಧ್ರದಿಂದ ಹೊರಕ್ಕೆ ಬಾಲದಂತೆ ಹರಡಿರುತ್ತದೆ. ಸಾಮಾನ್ಯವಾಗಿ ಈ ಮಸಿ ಮೊದಲನೆಯ ಅಥವಾ ಕೊನೆಯ ಸಿಲಿಂಡರಿನ ಬಳಿಯೇ ಇರುತ್ತದೆ, ಏಕೆಂದರೆ ವರ್ಷಾನುಗಟ್ಟಲೆ ಕಾದು ಆರಿದ ಮ್ಯಾನಿಫೋಲ್ಡಿನ ತುದಿಗಳು ಬಿಲ್ಲಿನಂತೆ ಎದ್ದಿರುತ್ತವೆ. ಎದ್ದ ತುದಿಯನ್ನು ನಟ್ಟಿನ ಬಲದಿಂದಲೇ ಕೂರಿಸಲು ಹೋದರೆ ಆ ಬಲದಲ್ಲಿ ಹೆಚ್ಚಿನ ಪಾಲು ಕಬ್ಬಿಣವನ್ನು ಬಗ್ಗಿಸುವುದಕ್ಕೇ ಖರ್ಚಾಗಿ ಗ್ಯಾಸ್ಕೆಟ್ಟನ್ನು ಒತ್ತುವುದಕ್ಕೆ ಉಳಿಯುವುದೇ ಇಲ್ಲ. ಜೋರಾಗಿ ಬಿಗಿಯುವುದರ ಫಲ ಇಷ್ಟೇ. ಇನ್ನೂ ಜೋರು ಮಾಡಿದರೆ ಸ್ಟಡ್ಡು ತುಂಡಾಗುತ್ತದೆ, ಇಲ್ಲವೇ ಅಲ್ಯುಮಿನಿಯಂ ಥ್ರೆಡ್ಡು ಎದ್ದುಬರುತ್ತದೆ. ಹರೆಯದಲ್ಲಿ ಉದ್ದನೆಯ ಪೈಪು ಸೇರಿಸಿ ಬಿಗಿದು ತುದಿಯ ಸ್ಟಡ್ಡನ್ನು ಮುರಿದವರಲ್ಲಿ ನಾನೂ ಒಬ್ಬ. ಅದು ತುಂಡಾಗುವ ಮುಂಚಿನ ಕ್ಷಣದಲ್ಲಿ ಕೈಗೆ ಬೆಣ್ಣೆಯಂತೆ ಮೆತ್ತಗೆ ಎನಿಸಿದ್ದು ಇಂದಿಗೂ ಮರೆತಿಲ್ಲ.

ಆದ್ದರಿಂದ ನೀವು ಮಾಡಿಸಬೇಕಾದ ಮೊದಲ ಕೆಲಸ ಮ್ಯಾನಿಫೋಲ್ಡಿನ ಮುಖವನ್ನು ಪರೀಕ್ಷಿಸುವುದು. ಸ್ಟೀಲಿನ ನೇರ ಪಟ್ಟಿಯನ್ನು ಮೂರೂ ಸಿಲಿಂಡರುಗಳ ಎದುರಿನ ಫ್ಲ್ಯಾಂಜಿನ ಮುಖದ ಮೇಲೆ ಅಡ್ಡವಿಟ್ಟು, ಕೆಳಗೆ ಫೀಲರ್ ಗೇಜಿನ (ಸಂದು ಅಳೆಯುವ, ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳ ಗೊಂಚಲು) ಎಲೆ ತೂರಿಸಿ ನೋಡಬೇಕು. 0.1 ಮಿ.ಮೀ. ಎಲೆ ಎಲ್ಲಿಯಾದರೂ ಸಲೀಸಾಗಿ ಒಳಹೋದರೆ ಲೇತ್ ಕೆಲಸದವರಲ್ಲಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಬೈಕಂಪಾಡಿ, ಮಣಿಪಾಲದ ಕೈಗಾರಿಕಾ ವಲಯಗಳ ಕಡೆ ವಿಚಾರಿಸಿದರೆ ಈ ಕೆಲಸ ಮಾಡುವವರು ಸಿಗುತ್ತಾರೆ. ಹೆಡ್ಡಿನ ಮುಖವನ್ನೂ ಅದೇ ಪಟ್ಟಿಯಿಂದ ನೋಡಲು ಮರೆಯಬೇಡಿ. ಬಾಗಿದ ಮುಖಕ್ಕೆ ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವವರಿದ್ದಾರೆ. ಅದು ಕುಸಿಯುವ ಹುಲ್ಲನ್ನು ದುಪ್ಪಟ್ಟು ಮಾಡಿದಂತೆ. ಕೆಂಪು ಸಿಲಿಕಾನ್ ಪೇಸ್ಟ್ ಕೂಡ ಈ ಶಾಖಕ್ಕೆ ಕೆಲವೇ ದಿನಗಳಲ್ಲಿ ಪುಡಿಯಾಗಿ ಸಂದನ್ನು ಬಿಟ್ಟುಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರುವ ಸಾಧ್ಯತೆ ಇರುವುದರಿಂದ ಅದನ್ನು ಒಣಗಿದಂತೆಯೇ ಕೆರೆಯದೆ, ನೀರು ಚಿಮುಕಿಸಿ ತೆಗೆಯಬೇಕು.

ಎರಡನೆಯದು, ಸೈಲೆನ್ಸರಿನ ಭಾರ ಯಾರ ಮೇಲಿದೆ ಎಂಬುದು. ಎಂಜಿನ್ನು ತಣ್ಣಗಿರುವಾಗ ಹಿಂದಿನ ಪೈಪಿನ ತುದಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಮುಂದೆ ನಿಂತು ಮ್ಯಾನಿಫೋಲ್ಡಿನ ಕೆಳಗಿನ ಜೋಡಣೆಯನ್ನು ನೋಡಲಿ. ಸೈಲೆನ್ಸರನ್ನು ತೂಗಿಹಿಡಿಯುವ ರಬ್ಬರ್ ಬಳೆಗಳು ಹರಿದಿದ್ದರೆ, ಅಥವಾ ಮುಂದಿನ ಪೈಪನ್ನು ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಕಟ್ಟುವ ಬ್ರಾಕೆಟ್ಟನ್ನು ಹಿಂದೆ ಯಾರೋ ಬಿಚ್ಚಿ ಮರಳಿ ಹಾಕದೆ ಬಿಟ್ಟಿದ್ದರೆ, ಆ ಉದ್ದದ ಪೈಪು ಸನ್ನೆಗೋಲಿನಂತೆ ಮ್ಯಾನಿಫೋಲ್ಡನ್ನು ದಿನವಿಡೀ ಮೀಟುತ್ತಿರುತ್ತದೆ. ಮೂರು ಸಿಲಿಂಡರಿನ ಎಂಜಿನ್ನು ಸ್ವಭಾವತಃ ತೂಗಾಡುವಂಥದ್ದು, ಅದರ ಮೌಂಟಿಂಗ್ ರಬ್ಬರುಗಳು ಸತ್ತಿದ್ದರೆ ಹೇಳುವುದೇ ಬೇಡ. ನಟ್ಟು ನಿಜವಾಗಿ ತಿರುಗಿ ಸಡಿಲವಾಗುವುದು ಹೆಚ್ಚಾಗಿ ಇಂಥ ಅಡ್ಡ ಅಲುಗಾಟದಿಂದಲೇ. 1969ರಲ್ಲಿ ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ಪ್ರಯೋಗದಿಂದ ತೋರಿಸಿದ್ದು ಇದನ್ನೇ: ಬೋಲ್ಟಿನ ಉದ್ದಕ್ಕೆ ಬೀಳುವ ಎಳೆತಕ್ಕಿಂತ, ಜೋಡಣೆಯ ಭಾಗಗಳು ಅಡ್ಡಡ್ಡ ಜಾರುವುದೇ ನಟ್ಟನ್ನು ಬೇಗನೆ ಬಿಚ್ಚುತ್ತದೆ. ಅಂಥ ಅಡ್ಡ ಅಲುಗಾಟದ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ಏನನ್ನೂ ತಡೆಯುವುದಿಲ್ಲ. ಅದು ಬಿಗಿದ ಕ್ಷಣವೇ ಚಪ್ಪಟೆಯಾಗಿ ಸಾದಾ ವಾಷರಾಗುತ್ತದೆ, ಮ್ಯಾನಿಫೋಲ್ಡಿನ ಶಾಖಕ್ಕೆ ತನ್ನ ಸ್ಪ್ರಿಂಗಿನ ಗುಣವನ್ನೂ ಕಳೆದುಕೊಳ್ಳುತ್ತದೆ. ನಿಮ್ಮ ಕಾರಿನ ಸ್ಪ್ರಿಂಗ್ ವಾಷರುಗಳನ್ನು ತೆಗೆಸಿ, ದಪ್ಪನೆಯ ಗಟ್ಟಿ ಸಾದಾ ವಾಷರ್ ಹಾಕಿಸಿ.

ಮೂರನೆಯದು ಬಿಗಿಯುವ ಕ್ರಮ. ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಹೋಗಬೇಕು, ಅದನ್ನೂ ಎರಡು ಮೂರು ಸುತ್ತಿನಲ್ಲಿ. ಮ್ಯಾನ್ಯುಯಲ್ಲಿನ ಅಂಕಿಯನ್ನೇ ಪಾಲಿಸಿ. 8 ಮಿ.ಮೀ. ಥ್ರೆಡ್ಡಿಗೆ ಅದು ಸಾಮಾನ್ಯವಾಗಿ 18ರಿಂದ 25 ನ್ಯೂಟನ್ ಮೀಟರಿನ ನಡುವೆ ಇರುತ್ತದೆ. ಆಮೇಲೆ ಒಮ್ಮೆ ಚೆನ್ನಾಗಿ ಓಡಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಮರುದಿನ ಅದೇ ಅಂಕಿಗೆ ಮತ್ತೊಮ್ಮೆ ಬಿಗಿಯಿರಿ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಹೊಸ ಗ್ಯಾಸ್ಕೆಟ್ ಕುಸಿಯುವಷ್ಟು ಕುಸಿದು ಕೂರುವುದು ಬಹುಮಟ್ಟಿಗೆ ಈ ಅವಧಿಯಲ್ಲೇ. ನಿಮ್ಮ ಮೂರೂ ರಿಪೇರಿಗಳಲ್ಲಿ ಈ ಮರುಬಿಗಿತ ಒಮ್ಮೆಯೂ ಆಗಿಲ್ಲವೆಂದು ನನಗನಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ಗೀರು ಸರಿಯುತ್ತಿದ್ದರೆ ಮಾತ್ರ ಲಾಕಿನ ವಿಚಾರಕ್ಕೆ ಬನ್ನಿ. ಈ ಶಾಖಕ್ಕೆ ಒಗ್ಗುವುದು ಪೂರ್ತಿ ಲೋಹದ ಲಾಕ್ ನಟ್ಟು. ಅದರ ಮೇಲ್ತುದಿಯನ್ನು ಕಾರ್ಖಾನೆಯಲ್ಲೇ ತುಸು ಅಮುಕಿರುವುದರಿಂದ ಥ್ರೆಡ್ಡನ್ನು ಕಚ್ಚಿಕೊಂಡೇ ತಿರುಗುತ್ತದೆ. ಮಡಚುವ ಕಿವಿಯಿರುವ ತಗಡಿನ ಲಾಕ್ ವಾಷರ್ ಇನ್ನೊಂದು ದಾರಿ: ಬಿಗಿದ ಮೇಲೆ ಕಿವಿಯನ್ನು ನಟ್ಟಿನ ಚಪ್ಪಟೆ ಬದಿಗೆ ಮಡಚಿದರೆ ನಟ್ಟು ತಿರುಗಲಾರದು. ಹಳೆಯ ಲಾರಿಗಳಲ್ಲಿ ನೀವು ಇದನ್ನು ಕಂಡಿರಬಹುದು. ಒಮ್ಮೆ ಮಡಚಿದ ಕಿವಿಯನ್ನು ನೆಟ್ಟಗೆ ಮಾಡಿ ಮತ್ತೆ ಮಡಚಬೇಡಿ, ಬುಡದಲ್ಲೇ ತುಂಡಾಗುತ್ತದೆ.

ನನಗೆ ಇವೆರಡಕ್ಕಿಂತಲೂ ಹಿಡಿಸಿದ ಉಪಾಯ ಉದ್ದನೆಯ ಸ್ಟಡ್ಡು ಹಾಕಿ, ನಟ್ಟಿಗೂ ಫ್ಲ್ಯಾಂಜಿಗೂ ನಡುವೆ ಉಕ್ಕಿನ ದಪ್ಪ ಬುಷ್ಷು (ಸ್ಟಡ್ಡಿನ ಸುತ್ತ ಕೂರುವ ತುಂಡು ಕೊಳವೆ) ಕೂರಿಸುವುದು. ಮೇಲೆ ಹೇಳಿದ 20 ಮಿ.ಮೀ. ಉದ್ದವನ್ನು ಬುಷ್ಷಿನ ನೆರವಿನಿಂದ 40 ಮಾಡಿದರೆ ಅದೇ ಬಿಗಿತಕ್ಕೆ ಸ್ಟಡ್ಡು ಎರಡು ಪಟ್ಟು ಹಿಗ್ಗುತ್ತದೆ. ಆಗ ಗ್ಯಾಸ್ಕೆಟ್ 0.03 ಮಿ.ಮೀ. ಕುಸಿದರೂ ಅರ್ಧ ಒತ್ತಡ ಉಳಿದಿರುತ್ತದೆ. ಉದ್ದನೆಯ ಸ್ಟಡ್ಡು ಫ್ಲ್ಯಾಂಜಿನ ಸರಿದಾಟಕ್ಕೆ ಬಾಗಿಕೊಡುತ್ತದೆ, ನಟ್ಟು ಕೂಡ ಶಾಖದಿಂದ ದೂರ ಸರಿಯುತ್ತದೆ. ಶಾಖದ ತಗಡು ಮತ್ತು ಸುತ್ತಲಿನ ಪೈಪುಗಳಿಗೆ ತಾಗದಷ್ಟು ಜಾಗವಿದೆಯೇ ಎಂದು ಮೊದಲು ಅಳತೆ ಮಾಡಿಸಿ, ಬಳಿಕ ಬುಷ್ಷು ಕಡೆಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರ ಕಾಲದ ಪೆಟ್ರೋಲ್ ಅಂಬಾಸಿಡರ್ ಇದೆ. ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡು ಬಿರುಕು ಬಿಟ್ಟಿದ್ದರಿಂದ ಗುಜರಿಯಿಂದ ಇನ್ನೊಂದನ್ನು ತಂದು ಹಾಕಿಸಿದೆವು. ಅಂದಿನಿಂದ ನಟ್ಟು ಪದೇಪದೇ ಸಡಿಲವಾಗುತ್ತಿದೆ, ಜೊತೆಗೆ ಐಡ್ಲಿಂಗ್ ಕೂಡ ನಿಲ್ಲುತ್ತಿಲ್ಲ. ಕಾರ್ಬುರೇಟರನ್ನು ಎರಡು ಸಲ ಬಿಚ್ಚಿ ತೊಳೆಸಿದರೂ ಪ್ರಯೋಜನವಾಗಲಿಲ್ಲ. ಎರಡಕ್ಕೂ ಸಂಬಂಧವಿದೆಯೇ? — ಓದುಗರು, ಮೂಡುಬಿದಿರೆ

ಉತ್ತರ: ಖಂಡಿತ ಇದೆ. ಕಾರ್ಬುರೇಟರನ್ನು ಇನ್ನು ಮುಟ್ಟಬೇಡಿ. ಅಂಬಾಸಿಡರಿಗೆ ಮೂಲವಾದ ಬ್ರಿಟಿಷ್ ಕಾರು ಮಾರಿಸ್ ಆಕ್ಸ್‌ಫರ್ಡ್‌ನ ಕಾಲದಿಂದ ಬಂದ ನಿಮ್ಮ 1489 ಸಿಸಿ ಎಂಜಿನ್ನಿನಲ್ಲಿ ಗಾಳಿ ಒಳಬರುವ ಮ್ಯಾನಿಫೋಲ್ಡು ಮತ್ತು ಹೊಗೆ ಹೊರಹೋಗುವ ಮ್ಯಾನಿಫೋಲ್ಡು ಎರಡೂ ಹೆಡ್ಡಿನ ಒಂದೇ ಬದಿಯಲ್ಲಿವೆ. ಕೆಲವು ಸ್ಟಡ್ಡುಗಳಲ್ಲಿ ಒಂದೇ ನಟ್ಟು, ಒಂದೇ ದಪ್ಪನೆಯ ಅಗಲ ವಾಷರಿನ ಮೂಲಕ, ಎರಡರ ಅಂಚುಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುತ್ತದೆ. ವಾಷರು ಇಲ್ಲಿ ಎರಡು ದಡಗಳ ನಡುವಿನ ಸಂಕದ ಹಾಗೆ. ಒಂದು ದಡ ಎತ್ತರವಾಗಿ ಇನ್ನೊಂದು ತಗ್ಗಾದರೆ ಸಂಕ ವಾಲುತ್ತದೆ, ಭಾರವೆಲ್ಲ ಎತ್ತರದ ದಡದ ಮೇಲೇ ಬೀಳುತ್ತದೆ.

ಗುಜರಿಯಿಂದ ತಂದ ಮ್ಯಾನಿಫೋಲ್ಡನ್ನು ಹಿಂದೆ ಯಾರಾದರೂ ಗ್ರೈಂಡಿಂಗ್ ಮಾಡಿಸಿ ತೆಳುಮಾಡಿರಬಹುದು. ಎರಡೂ ಫ್ಲ್ಯಾಂಜುಗಳ ದಪ್ಪವನ್ನು ಪ್ರತಿ ಸ್ಟಡ್ಡಿನ ಪಕ್ಕದಲ್ಲಿ ವರ್ನಿಯರ್‌ನಿಂದ ಅಳೆಯಿರಿ. ಎಕ್ಸಾಸ್ಟಿನದು ತೆಳುವಾಗಿದ್ದರೆ ಅಲ್ಲಿ ಹೊಗೆ ಸೋರುತ್ತದೆ. ವಾಲಿದ ವಾಷರಿನ ಮೇಲೆ ನಟ್ಟು ಒಂದೇ ಅಂಚಿನಲ್ಲಿ ಕೂರುವುದರಿಂದ ಗಾಳಿ ಒಳಬರುವ ಮ್ಯಾನಿಫೋಲ್ಡಿಗೂ ಒತ್ತಡ ಸಮನಾಗಿ ಬೀಳುವುದಿಲ್ಲ, ಅಲ್ಲಿಂದ ಹೊರಗಿನ ಗಾಳಿ ಎಳೆದುಕೊಂಡು ಐಡ್ಲಿಂಗ್ ಕೆಡುತ್ತದೆ. ಎರಡೂ ಮ್ಯಾನಿಫೋಲ್ಡುಗಳನ್ನು ಜೊತೆಯಾಗಿ ಲೇತಿನವರಿಗೆ ಕೊಟ್ಟು ಅಂಚಿನ ದಪ್ಪವನ್ನು ಸರಿಹೊಂದಿಸುವುದು ಉತ್ತಮ. ವ್ಯತ್ಯಾಸ ಚಿಕ್ಕದಿದ್ದರೆ ಅಷ್ಟೇ ಮೆಟ್ಟಿಲು ಕಡೆದ ಉಕ್ಕಿನ ವಾಷರುಗಳನ್ನು ಮಾಡಿಸಿಕೊಳ್ಳಬಹುದು. ಬಾಗಿದ ಹಳೆಯ ವಾಷರುಗಳನ್ನು ಮಾತ್ರ ಮತ್ತೆ ಬಳಸಬೇಡಿ.

ನಟ್ಟು ಹಿತ್ತಾಳೆಯದೇ ಇರಲಿ. ಹಿತ್ತಾಳೆ ಉಕ್ಕಿನ ಸ್ಟಡ್ಡಿಗೆ ತುಕ್ಕಿನಿಂದ ಬೆಸೆದುಕೊಳ್ಳುವುದಿಲ್ಲ, ಹತ್ತು ವರ್ಷದ ಬಳಿಕವೂ ಸ್ಟಡ್ಡನ್ನು ಮುರಿಯದೆ ಬಿಚ್ಚಿಕೊಡುತ್ತದೆ. ಈ ಎಂಜಿನ್ನಿನ ಥ್ರೆಡ್ಡುಗಳು ಇಂಚು ಅಳತೆಯವು ಎಂಬುದನ್ನು ಅಂಗಡಿಯಲ್ಲಿ ಮರೆಯದೆ ಹೇಳಿ. ಕೈಗೆ ಸಿಕ್ಕಿದ ಮೆಟ್ರಿಕ್ ನಟ್ಟನ್ನು ಬಲವಂತವಾಗಿ ಏರಿಸಿದ ಸ್ಟಡ್ಡುಗಳನ್ನು ಎಷ್ಟೋ ಅಂಬಾಸಿಡರ್‌ಗಳಲ್ಲಿ ಕಂಡಿದ್ದೇನೆ. ಅಂಥ ನಟ್ಟು ಎರಡು ಮೂರು ಎಳೆಗಳನ್ನಷ್ಟೇ ಕಚ್ಚಿಕೊಂಡು, ಬಿಗಿಯಾದಂತೆ ನಟಿಸುತ್ತದೆ.

ಪ್ರಶ್ನೆ: ಸಮುದ್ರದ ಗಾಳಿಗೆ ಎಲ್ಲ ಬೋಲ್ಟುಗಳೂ ತುಕ್ಕು ಹಿಡಿಯುತ್ತವೆ. ದೋಣಿಗಳಿಗೆ ಹಾಕುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟನ್ನೇ ಮ್ಯಾನಿಫೋಲ್ಡಿಗೂ ಹಾಕಿದರೆ ಒಳ್ಳೆಯದಲ್ಲವೇ? — ಓದುಗರು, ಮಲ್ಪೆ

ಉತ್ತರ: ಮಲ್ಪೆಯವರಿಂದ ಈ ಪ್ರಶ್ನೆ ಬಂದುದು ಸಹಜವೇ. ಆದರೆ ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ಹಾಕಿದರೆ ಸಡಿಲವಾಗುವ ತೊಂದರೆ ಹೆಚ್ಚಾಗಬಹುದು. ದೋಣಿಗೆ ಬಳಸುವ 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಮ್ಯಾನಿಫೋಲ್ಡು ಕಾದಾಗ ಫ್ಲ್ಯಾಂಜಿಗಿಂತ ಬೋಲ್ಟೇ ಹೆಚ್ಚು ಉದ್ದವಾಗುವುದರಿಂದ, ಯಾವಾಗ ಒತ್ತಡ ಬೇಕೋ ಆಗಲೇ ಅದು ಕಡಿಮೆಯಾಗುತ್ತದೆ. ಎರಡನೆಯ ತೊಂದರೆ, ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಒಣಗಿದಂತೆ ತಿರುಗುವಾಗ ಥ್ರೆಡ್ಡುಗಳು ಒಂದಕ್ಕೊಂದು ಕಚ್ಚಿ ಬೆಸೆದುಕೊಳ್ಳುತ್ತವೆ. ಸ್ಪ್ಯಾನರಿಗೆ ಬಿಗಿ ಎನಿಸುತ್ತದೆ, ಫ್ಲ್ಯಾಂಜಿಗೆ ಮಾತ್ರ ಒತ್ತಡ ತಲುಪಿರುವುದಿಲ್ಲ.

ಅಂಗಡಿಯಲ್ಲಿ ‘ಎಚ್‌ಟಿ ಬೋಲ್ಟ್’ (ಹೈ ಟೆನ್ಸೈಲ್, ಎಂದರೆ ಹೆಚ್ಚು ಎಳೆತ ತಾಳುವ ಬೋಲ್ಟು) ಎಂದು ಕೇಳಿ, ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಇರುವುದನ್ನೇ ತೆಗೆದುಕೊಳ್ಳಿ. ಅಂಕಿಯೇ ಇಲ್ಲದ ಬೋಲ್ಟು ಗೇಟಿಗೋ ಬೆಂಚಿಗೋ ಸರಿ. ಹೊಳೆಯುವ ಸತುವಿನ ಲೇಪ ಇರುವುದಕ್ಕಿಂತ ಕಪ್ಪು ಬಣ್ಣದ್ದು ಮೇಲು, ಏಕೆಂದರೆ ಸತು 419 ಡಿಗ್ರಿಗೇ ಕರಗುವ ಲೋಹ. ತುಕ್ಕಿನ ಉಪಾಯವೆಂದರೆ ಥ್ರೆಡ್ಡಿಗೆ ನಿಕ್ಕಲ್ ಅಥವಾ ತಾಮ್ರದ ಪುಡಿಯಿರುವ, ಥ್ರೆಡ್ಡು ಬೆಸೆದುಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟನ್ನು ತೆಳುವಾಗಿ ಸವರುವುದು. ಪೇಸ್ಟಿನಿಂದ ಥ್ರೆಡ್ಡು ನುಣುಪಾಗುವುದರಿಂದ ಅದೇ ತಿರುಚಿಗೆ ಹೆಚ್ಚು ಎಳೆತ ಬೀಳುತ್ತದೆ. ಒಣ ಥ್ರೆಡ್ಡಿಗೆಂದು ಕೊಟ್ಟ ಟಾರ್ಕ್ ಅಂಕಿಯನ್ನು ಐದನೇ ಒಂದು ಪಾಲಿನಷ್ಟು ಇಳಿಸಿಕೊಳ್ಳಿ.

ಪ್ರಶ್ನೆ: ಮ್ಯಾನಿಫೋಲ್ಡು ಸೋರುತ್ತಿದೆ ಎಂದು ಗೊತ್ತಿದ್ದರೂ ಮುಂದಿನ ತಿಂಗಳ ಸರ್ವಿಸ್ ತನಕ ಕಾಯೋಣವೆಂದಿದ್ದೇವೆ. ಸಿಗ್ನಲ್ಲಿನಲ್ಲಿ ನಿಂತಾಗ ಒಳಗೆ ತುಸು ಹೊಗೆಯ ವಾಸನೆ ಬರುತ್ತದೆ. ಮನೆಯಲ್ಲಿ ಆರು ತಿಂಗಳ ಮಗುವಿದೆ. — ಓದುಗರು, ಕಂಕನಾಡಿ

ಉತ್ತರ: ಕಾಯಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಿಮಗೆ ಬರುತ್ತಿರುವುದು ಹೊಗೆಯ ಬೇರೆ ಅಂಶಗಳ ವಾಸನೆ. ಈ ಅನಿಲ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಾರು ಓಡುವಾಗ ಬಾನೆಟ್ಟಿನಡಿಯ ಹೊಗೆ ಗಾಳಿಗೆ ಚದುರುತ್ತದೆ, ನಿಂತಾಗ ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಕಿಂಡಿಯ ಮೂಲಕ ಒಳಗೆ ಬರುತ್ತದೆ. ನೀವು ಸಿಗ್ನಲ್ಲಿನಲ್ಲೇ ವಾಸನೆ ಗಮನಿಸಿರುವುದಕ್ಕೆ ಕಾರಣ ಇದು. ರಿಪೇರಿ ಆಗುವವರೆಗೆ ಮಗುವನ್ನು ಆ ಕಾರಿನಲ್ಲಿ ಕರೆದೊಯ್ಯಬೇಡಿ. ಗ್ಯಾರೇಜಿನವರೆಗೆ ಒಯ್ಯುವಾಗಲೂ ಗಾಜುಗಳು ಪೂರ್ತಿ ಇಳಿದಿರಲಿ, ಮನೆಯ ಶೆಡ್ಡಿನೊಳಗೆ ಎಂಜಿನ್ನು ಓಡುತ್ತಾ ನಿಲ್ಲದಿರಲಿ. ತಲೆನೋವು, ವಾಕರಿಕೆ ಅಥವಾ ಮಂಪರು ಕಾಣಿಸಿದರೆ ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯರನ್ನು ಕಾಣಿರಿ.

ಪ್ರಶ್ನೆ: ಬಿಚ್ಚುವಾಗ ತುದಿಯ ಸ್ಟಡ್ಡು ಹೆಡ್ಡಿನ ಮಟ್ಟಕ್ಕೇ ತುಂಡಾಯಿತು. ಹೆಡ್ಡು ಅಲ್ಯುಮಿನಿಯಂ. ಉಳಿದ ನಟ್ಟುಗಳಿಂದಲೇ ನಡೆದೀತೇ? — ಓದುಗರು, ಪುತ್ತೂರು

ಉತ್ತರ: ನಡೆಯದು. ಚಲನೆ ಅತಿ ಹೆಚ್ಚಿರುವುದು ತುದಿಯಲ್ಲೇ ಎಂದು ಮೇಲೆ ಹೇಳಿದ್ದೇನೆ. ಅದನ್ನು ಬಿಟ್ಟರೆ ಪಕ್ಕದ ಸ್ಟಡ್ಡು ಮುಂದಿನ ಸರದಿಗೆ ನಿಲ್ಲುತ್ತದೆ. ಹೆಡ್ಡು ಬಿಚ್ಚದೆಯೇ ತೆಗೆಯುವ ನಂಬಿಕೆಯ ದಾರಿಯೆಂದರೆ, ತುಂಡಾದ ಸ್ಟಡ್ಡಿನ ಮೇಲೆ ಒಂದು ನಟ್ಟನ್ನಿಟ್ಟು ಅದರ ಒಳಗಿಂದ ವೆಲ್ಡಿಂಗ್ ಮಾಡಿ, ಕೆಂಪು ಆರಿದ ಮೇಲೆ ನಿಧಾನವಾಗಿ ಹಿಂದೆ ಮುಂದೆ ಆಡಿಸುತ್ತಾ ತಿರುಗಿಸುವುದು. ವೆಲ್ಡಿಂಗ್‌ನ ಶಾಖವೇ ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ, ಕರಗಿದ ಉಕ್ಕು ಅಲ್ಯುಮಿನಿಯಮ್ಮಿಗೆ ಅಂಟುವುದೂ ಇಲ್ಲ. ಮೊದಲು ಬ್ಯಾಟರಿಯ ತಂತಿ ಕಳಚಿರಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರೆ ವೆಲ್ಡಿಂಗಿಗೆ ಮುನ್ನ ಅದನ್ನು ಚೆನ್ನಾಗಿ ಒರೆಸಿರಬೇಕು, ಇಲ್ಲವಾದರೆ ಬೆಂಕಿ ಹತ್ತೀತು.

ಕೈ ಡ್ರಿಲ್ಲಿನಿಂದ ಕೊರೆಯಲು ಹೋಗಬೇಡಿ. ಉಕ್ಕಿನ ಸ್ಟಡ್ಡಿನಿಂದ ಜಾರಿದ ಡ್ರಿಲ್ ಬಿಟ್ ಮೆತ್ತನೆಯ ಅಲ್ಯುಮಿನಿಯಮ್ಮನ್ನೇ ತಿನ್ನುತ್ತದೆ. ಥ್ರೆಡ್ಡು ಹಾಳಾದರೆ ಲೇತಿನವರಲ್ಲಿ ಹೆಲಿಕಾಯಿಲ್ ಹಾಕಿಸಿ; ಉಕ್ಕಿನ ತಂತಿಯ ಆ ಸುರುಳಿ ಮೊದಲಿನ ಅಲ್ಯುಮಿನಿಯಂ ಥ್ರೆಡ್ಡಿಗಿಂತ ಗಟ್ಟಿಯೇ ಆಗಿರುತ್ತದೆ. ಸ್ಟಡ್ಡಿನ ರಂಧ್ರದಿಂದ ರೇಡಿಯೇಟರಿನ ಹಸಿರು ನೀರು ಒಸರಿದರೆ ಗಾಬರಿಯಾಗಬೇಡಿ. ಕೆಲವು ಎಂಜಿನ್ನುಗಳಲ್ಲಿ ಈ ರಂಧ್ರಗಳು ನೀರಿನ ಕೋಣೆಯವರೆಗೂ ಹೋಗಿರುತ್ತವೆ. ಅಂಥಲ್ಲಿ ಹೊಸ ಸ್ಟಡ್ಡಿನ ಹೆಡ್ಡಿನ ಕಡೆಯ ಥ್ರೆಡ್ಡಿಗೆ ಮಾತ್ರ ಸೀಲಂಟ್ ಹಚ್ಚಿ, ನಟ್ಟಿನ ಕಡೆಯ ಥ್ರೆಡ್ಡಿಗೆ ಆ್ಯಂಟಿ-ಸೀಜ್ ಸವರಿ ಕೂರಿಸಬೇಕು. ಎರಡು ಡಬ್ಬಿಗಳು ಅದಲುಬದಲಾಗದಂತೆ ನೀವೇ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.